ಜನಿವಾರ ಕಳಚಿದ್ದು ಯಾವಾಗ? ಬಸವಣ್ಣನವರ ಚರಿತ್ರೆಯ ಜೊತೆಗೆ ಓದಿದ ಮೂರು ಡಿಜಿಟಲ್ ಸಂಗ್ರಹಗಳು

ಬಾಲಕ ಬಸವ ಉಪನಯನವನ್ನು ಒಲ್ಲೆನೆಂದು ಮನೆ ಬಿಟ್ಟು ಹೊರಟ ಪ್ರಸಂಗವನ್ನು ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಶಾಲೆಯ ಪಾಠದಲ್ಲಿ, ಬಸವ ಜಯಂತಿಯ ಭಾಷಣದಲ್ಲಿ, ಮನೆಯಲ್ಲಿದ್ದ ಜೀವನಚರಿತ್ರೆಯಲ್ಲಿ ಎಲ್ಲೆಡೆ ಅದೇ ಚಿತ್ರ. ಕಳೆದ ವರ್ಷ ಆ ಚರಿತ್ರೆಯನ್ನು ಮತ್ತೆ ಕೈಗೆತ್ತಿಕೊಂಡಾಗ, ಈ ಸಲ ಪ್ರತಿ ಘಟನೆಯ ಮೂಲ ಎಲ್ಲಿದೆಯೆಂದು ಹುಡುಕಿಕೊಂಡೇ ಓದಬೇಕು ಎಂದು ಹಟ ಹಿಡಿದೆ. ಅದಕ್ಕಾಗಿ ಮೂರು ಬಗೆಯ ಡಿಜಿಟಲ್ ಸಂಗ್ರಹಗಳನ್ನು ಬಳಸಿದೆ: ವಚನಗಳನ್ನು ಪದ ಹಿಡಿದು ಹುಡುಕಬಹುದಾದ ವಚನ ಸಂಚಯ, ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿರುವ ಇಂಟರ್ನೆಟ್ ಆರ್ಕೈವ್, ಮತ್ತು ಶಾಸನ ಸಂಪುಟಗಳ ಡಿಜಿಟಲ್ ಪ್ರತಿಗಳು.

ಮೊದಲು ಹೋದದ್ದು ವಚನ ಸಂಚಯಕ್ಕೆ. 20,000ಕ್ಕೂ ಹೆಚ್ಚು ವಚನಗಳು ಅಲ್ಲಿವೆ, ಅದೂ ಯೂನಿಕೋಡ್ ಕನ್ನಡದಲ್ಲಿ. ಒಂದು ಪದ ಕೊಟ್ಟರೆ ಅದು ಯಾವ ಯಾವ ಶರಣರ ಯಾವ ವಚನಗಳಲ್ಲಿದೆ ಎಂದು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ನಾನು ಕೊಟ್ಟ ಮೊದಲ ಪದ ‘ಬಿಜ್ಜಳ’. ಚರಿತ್ರೆಯಲ್ಲಿ ಬಸವಣ್ಣನವರು ಕಲ್ಯಾಣದ ಅರಸ ಬಿಜ್ಜಳನ ಭಂಡಾರಿಯಾದರು, ಮಂತ್ರಿಯಾದರು ಎಂಬ ಅಧ್ಯಾಯ ಬಹಳ ನಯವಾಗಿ ಸಾಗುತ್ತದೆ. ವಚನಗಳಲ್ಲಿ ಆ ನಯವಿಲ್ಲ. ‘ಭವಿ ಬಿಜ್ಜಳನ ಗದ್ದುಗೆಯ ಕೆಳಗೆ ಕುಳ್ಳಿರ್ದು’ ಓಲೈಸುತ್ತಾನೆಂದು (ಭವಿ ಎಂದರೆ ಲಿಂಗದೀಕ್ಷೆ ಇಲ್ಲದವನು) ತಮ್ಮವರೇ ಆಡಿಕೊಳ್ಳುತ್ತಿದ್ದಾರೆ ಎಂದು ಅವರು ನೋಯುತ್ತಾರೆ. ‘ಎನ್ನ ಒಡಲವಸರಕ್ಕೆ ಕುದಿದೆನಾದಡೆ ತಲೆದಂಡ’ ಎಂದು ಆಣೆ ಇಡುತ್ತಾರೆ. ಇನ್ನೊಂದು ವಚನದಲ್ಲಿ ‘ಬಿಜ್ಜಳನ ಭಂಡಾರವೆನಗೇಕಯ್ಯಾ’ ಎನ್ನುತ್ತಾರೆ. ಅರಮನೆಯ ಚಾಕರಿಯಲ್ಲಿದ್ದ ಮನುಷ್ಯನೊಬ್ಬ ಹಗಲಿರುಳು ಈ ಅಪವಾದವನ್ನು ಹೊತ್ತು ತಿರುಗಿದ್ದ ಎಂಬುದು ನನಗೆ ಮನದಟ್ಟಾದದ್ದು ಆ ಸಂಜೆ. ಈ ಎರಡು ವಚನಗಳನ್ನು ಓದಿದ ಮೇಲೆ ಚರಿತ್ರೆಯ ಆ ಅಧ್ಯಾಯಕ್ಕೆ ಮರಳಿದರೆ, ಪದವಿಗಳ ಪಟ್ಟಿಯಂತಿದ್ದ ಪುಟಗಳಿಗೆ ಉಸಿರು ಬಂದಿತ್ತು.

ಹುಡುಕುವಾಗ ತಾಳ್ಮೆ ಬೇಕು. ಬಿಜ್ಜಳ, ಬಿಜ್ಜಳನ, ಬಿಜ್ಜಳಂಗೆ ಎಂದು ಪದದ ಒಂದೊಂದು ರೂಪವನ್ನೂ ಪ್ರಯತ್ನಿಸಿ ನೋಡುವುದು ಒಳ್ಳೆಯದು. ಹನ್ನೆರಡನೆಯ ಶತಮಾನದ ವಿಭಕ್ತಿಗಳು ನಮ್ಮ ಇಂದಿನ ಬರವಣಿಗೆಯವಲ್ಲ. ಅದಕ್ಕಿಂತ ದೊಡ್ಡ ತೊಡಕು ವಚನಗಳ ಸ್ವಭಾವದಲ್ಲೇ ಇದೆ. ವಚನಕ್ಕೆ ಅಂಕಿತವಿದೆ, ತಾರೀಖಿಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಕಲ್ಯಾಣದಲ್ಲಿ ಹುಟ್ಟಿತು ಎಂದು ತಿಳಿಯಲು ದಾರಿಯಿಲ್ಲ. ಮನಸ್ಸಿನ ಒಳಗನ್ನು ತೋರಿಸುವ ಈ ಸಂಗ್ರಹ, ಬದುಕಿನ ಘಟನೆಗಳನ್ನು ಕೇಳಿದರೆ ಮೌನವಾಗುತ್ತದೆ. ಉಪನಯನದ ಪ್ರಶ್ನೆಗೆ ನನಗೆ ಇಲ್ಲಿ ಉತ್ತರ ಸಿಗಲಿಲ್ಲ.

ಉತ್ತರ ಸಿಕ್ಕಿದ್ದು ಸ್ಕ್ಯಾನ್ ಪುಸ್ತಕಗಳಲ್ಲಿ. ಅವುಗಳನ್ನು ಹುಡುಕುವುದೇ ಒಂದು ಕೆಲಸ. ಕನ್ನಡ ಪುಸ್ತಕದ ಹೆಸರು ರೋಮನ್ ಅಕ್ಷರದಲ್ಲಿ ನಾಲ್ಕು ಬಗೆಯ ಕಾಗುಣಿತದಲ್ಲಿರಬಹುದು. ‘ರಗಳೆ’ ಎಂಬ ಒಂದು ಪದವನ್ನೇ ನಾನು ಮೂರು ರೀತಿ ಬರೆದು ನೋಡಿದೆ. ಪುಟದೊಳಗಿನ ಪದವನ್ನು ಯಂತ್ರ ಹುಡುಕಿಕೊಡುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಹಳೆಯ ಅಚ್ಚಿನ ಒತ್ತಕ್ಷರಗಳ ಮುಂದೆ ಅದು ಸೋಲುತ್ತದೆ. ಹಾಗಾಗಿ ಪುಟ ಪುಟ ತಿರುವಿಯೇ ಓದಿದೆ. ಈಗ ಅನ್ನಿಸುತ್ತದೆ, ಹಾಗೆ ಓದಬೇಕಾಗಿ ಬಂದದ್ದೇ ಒಳ್ಳೆಯದಾಯಿತು.

ಹರಿಹರನ ಬಸವರಾಜದೇವರ ರಗಳೆ ಬಸವಣ್ಣನವರ ಬದುಕನ್ನು ಹೇಳುವ ಅತ್ಯಂತ ಹಳೆಯ ಕನ್ನಡ ಕಾವ್ಯ. ಅದರಲ್ಲಿ ಉಪನಯನ ನಡೆದೇ ಹೋಗುತ್ತದೆ! ತಂದೆ ತಾಯಿ ತೀರಿಕೊಳ್ಳುತ್ತಾರೆ, ಅಜ್ಜಿ ಹುಡುಗನನ್ನು ಸಾಕುತ್ತಾಳೆ. ಹದಿನಾರರ ಹರೆಯದಲ್ಲಿ ಅವನು ಕರ್ಮದ ಬಳ್ಳಿಯಂತಿದ್ದ ಜನಿವಾರವನ್ನು ಕಳಚಿ ಬಿಸಾಡಿ ಕೂಡಲಸಂಗಮದ ಹಾದಿ ಹಿಡಿಯುತ್ತಾನೆ. ಉಪನಯನವನ್ನು ಬೇಡವೆಂದ ಬಾಲಕ ಬರುವುದು ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ. 1369ರಲ್ಲಿ ಭೀಮಕವಿ ಆ ಪುರಾಣವನ್ನು ಕನ್ನಡಕ್ಕೆ ತಂದ. ನಾನು ಓದುತ್ತಿದ್ದ ಚರಿತ್ರೆ ಎರಡನ್ನೂ ಸೇರಿಸಿ ಹೊಲಿದಿತ್ತು, ಹೊಲಿಗೆ ಕಾಣದಷ್ಟು ಅಚ್ಚುಕಟ್ಟಾಗಿ.

ಎರಡರಲ್ಲಿ ಯಾವುದು ನಿಜ ಎಂಬುದಕ್ಕಿಂತ ಎರಡೂ ಬೇರೆ ಬೇರೆ ಮನುಷ್ಯರನ್ನು ತೋರಿಸುತ್ತವೆ ಎಂಬುದು ನನ್ನನ್ನು ಹಿಡಿದು ನಿಲ್ಲಿಸಿತು. ಒಬ್ಬ, ಹುಟ್ಟಿನಿಂದಲೇ ಎಲ್ಲ ತಿಳಿದ ಕಾರಣಪುರುಷ. ಇನ್ನೊಬ್ಬ, ಜನಿವಾರವನ್ನು ಕೆಲವು ವರ್ಷ ಮೈಮೇಲೆ ಹೊತ್ತು, ಹೆತ್ತವರನ್ನು ಕಳೆದುಕೊಂಡು, ಯೋಚಿಸಿ, ಕಡೆಗೆ ತೆಗೆದೆಸೆದ ತರುಣ. ನನಗೆ ಹರಿಹರನ ತರುಣನೇ ಹತ್ತಿರದವನು. ಆದರೆ ಅವನ ರಗಳೆಯಲ್ಲಿ ಹದಿಮೂರು ಸ್ಥಲಗಳಷ್ಟೇ, ಅಂದರೆ ಅಧ್ಯಾಯಗಳಷ್ಟೇ, ಉಳಿದು ಬಂದಿವೆ. ಕಲ್ಯಾಣದ ಕೊನೆಯ ದಿನಗಳ ಕಥೆ ಅದರಲ್ಲಿಲ್ಲ. ಆ ಭಾಗಕ್ಕೆ ಮತ್ತೆ ಪುರಾಣಗಳ ಬಾಗಿಲಿಗೇ ಹೋಗಬೇಕು.

ಇದೇ ಹುಡುಕಾಟದ ನಡುವೆ ಹಳಕಟ್ಟಿಯವರ ನೆನಪು ಪದೇ ಪದೇ ಬಂತು. ಮನೆ ಮನೆಗೆ ಅಲೆದು ತಾಳೆಗರಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದ ಆ ಜೀವ ಪಟ್ಟ ಪಾಡಿಲ್ಲದಿದ್ದರೆ ನಾನು ಇಂದು ಬೆರಳ ತುದಿಯಲ್ಲಿ ‘ಬಿಜ್ಜಳ’ ಎಂದು ಹುಡುಕಲು ಏನಿರುತ್ತಿತ್ತು?

ಶಾಸನಗಳ ವಿಷಯಕ್ಕೆ ಬಂದರೆ, ಎಪಿಗ್ರಾಫಿಯಾ ಇಂಡಿಕಾ ಸಂಪುಟಗಳಲ್ಲಿ ಕನ್ನಡ ಶಾಸನವನ್ನು ರೋಮನ್ ಲಿಪಿಯಲ್ಲಿ ಓದಬೇಕು, ವಿವರಣೆ ಇಂಗ್ಲಿಷಿನಲ್ಲಿ. ತಿಂಗಳುಗಟ್ಟಲೆ ಹುಡುಕಿದರೂ ನನ್ನ ಕೆಲಸಕ್ಕೆ ನೇರವಾಗಿ ಒದಗಿದ್ದು ಒಂದೇ ಒಂದು: ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನ. ಅದರಲ್ಲಿ ತರ್ದವಾಡಿ ನಾಡಿನ ಬಾಗವಾಡಿ ಇದೆ, ಮಾದಿರಾಜನಿದ್ದಾನೆ, ಅವನ ಮಗ ಬಸವರಾಜನಿದ್ದಾನೆ. ಅಣ್ಣ ದೇವರಾಜನ ಹೆಸರೂ ಇದೆ. ಬಸವಣ್ಣನವರ ಕಾಲದಿಂದ ನೂರು ವರ್ಷದೊಳಗೆ ಕೆತ್ತಿದ ಕಲ್ಲು, ಹರಿಹರ ಹೇಳಿದ ಊರನ್ನೂ ತಂದೆಯನ್ನೂ ಹೌದೆನ್ನುತ್ತದೆ. ಆ ಸಾಲುಗಳನ್ನು ಓದಿದಾಗ ಮೈ ಜುಮ್ಮೆಂದಿತು. ಕಲ್ಲು ಹೇಳುವುದು ಅಷ್ಟೇ. ಒಬ್ಬ ಮನುಷ್ಯ ಏಕೆ ಮನೆ ಬಿಟ್ಟ ಎಂದು ಅದು ಹೇಳುವುದಿಲ್ಲ.

ಯಾರಾದರೂ ಯಾವುದರಿಂದ ಶುರು ಮಾಡಲಿ ಎಂದು ಕೇಳಿದರೆ ವಚನ ಸಂಚಯ ಎನ್ನುತ್ತೇನೆ. ಒಂದು ಗಂಟೆ ಸಾಕು, ಬರಿಗೈಯಲ್ಲಿ ಮರಳುವುದಿಲ್ಲ. ಆದರೆ ಚರಿತ್ರೆಯನ್ನು ಓದುವ ನನ್ನ ಕಣ್ಣು ಬದಲಾದದ್ದು ಸ್ಕ್ಯಾನ್ ಪುಟಗಳ ಮುಂದೆ ಕಳೆದ ವಾರಗಳಿಂದ. ಶಾಸನ ಸಂಪುಟಗಳನ್ನು ಮೊದಲ ದಿನವೇ ತೆರೆದರೆ ಬೇಸರ ಬಂದೀತು. ಊರು, ತಂದೆ, ಅರಸ ಎಂಬ ಗಟ್ಟಿ ಪ್ರಶ್ನೆ ಕೈಯಲ್ಲಿದ್ದಾಗ ಮಾತ್ರ ಅಲ್ಲಿಗೆ ಹೋಗಿ.

ಮನೆಯ ಚರಿತ್ರೆಯ ಆ ಪುಟದ ಅಂಚಿನಲ್ಲಿ ಈಗ ಪೆನ್ಸಿಲಿನಲ್ಲಿ ಎರಡು ಹೆಸರು ಬರೆದಿದ್ದೇನೆ. ಒಲ್ಲೆನೆಂದ ಬಾಲಕನ ಪಕ್ಕದಲ್ಲಿ ಸೋಮನಾಥ, ಕಳಚಿ ಹೊರಟ ತರುಣನ ಪಕ್ಕದಲ್ಲಿ ಹರಿಹರ. ನಡುವೆ, ಚರಿತ್ರೆ ಮರೆತ ಆ ಅಜ್ಜಿಗೆ ಒಂದಿಷ್ಟು ಜಾಗ ಬಿಟ್ಟಿದ್ದೇನೆ.