ಪಿಎಚ್‌.ಡಿ.ಗೆ ಐಐಎಸ್‌ಸಿನಾ, ಐಎಸ್‌ಐನಾ?

ಗಣಿತ, ಕಂಪ್ಯೂಟರ್ ಸೈನ್ಸ್ ಕಡೆ ಹೊರಟವರ ಪ್ರಶ್ನೆ ಇದು. ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ), ಐಎಸ್‌ಐ (ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಎರಡೂ ಬೆಂಗಳೂರಲ್ಲೇ ಇವೆ. ಆದರೆ ವಾತಾವರಣ ಬೇರೆ.

1909ರಲ್ಲಿ ಶುರುವಾದ ಐಐಎಸ್‌ಸಿ ದೊಡ್ಡದು. ಕಂಪ್ಯೂಟರ್ ಸೈನ್ಸ್‌ಗೆ ಬೇರೆ ವಿಭಾಗವೇ ಇದೆ. ಅಲ್ಗಾರಿದಮ್, ಮಷೀನ್ ಲರ್ನಿಂಗ್ ಕಡೆ ಮನಸ್ಸಿದ್ದರೆ ಯೋಚನೆಯೇ ಬೇಡ, ಇದೇ ಸರಿ. ಬಿ.ಎಸ್ಸಿ. ಮುಗಿಸಿದವರಿಗೆ ಗಣಿತದಲ್ಲಿ, ಸ್ನಾತಕೋತ್ತರ ಪದವಿಯೂ ಸೇರಿದ ಇಂಟಿಗ್ರೇಟೆಡ್ ಪಿಎಚ್‌.ಡಿ.ಯೂ ಉಂಟು.

ಮೈಸೂರು ರಸ್ತೆಯ ಐಎಸ್‌ಐ ಚಿಕ್ಕದು. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ 1931ರಲ್ಲಿ ಕೋಲ್ಕತ್ತದಲ್ಲಿ ಕಟ್ಟಿದ ಸಂಸ್ಥೆಯ ಬೆಂಗಳೂರು ಕೇಂದ್ರ ಇದು. ಇಲ್ಲಿ ಗಣಿತ, ಸಂಖ್ಯಾಶಾಸ್ತ್ರ ಎರಡೂ ಒಂದೇ ಘಟಕದಲ್ಲಿವೆ. ಸಂಭವನೀಯತೆ (ಪ್ರಾಬಬಿಲಿಟಿ) ಹಿಡಿದವರಿಗೆ ಇದು ದೊಡ್ಡ ಲಾಭ ಅಲ್ವಾ? ಬೋರ್ಡಿನ ಒಂದು ಮೂಲೆಯಲ್ಲಿ ಅರ್ಧ ಅಳಿಸಿದ, ಸಂಭವನೀಯತೆಯ ರ‍್ಯಾಂಡಮ್ ವಾಕ್, ಪಕ್ಕದಲ್ಲೇ ಶುದ್ಧ ಗಣಿತದ ಆಪರೇಟರ್ ಆಲ್ಜೀಬ್ರಾ. ಶುದ್ಧ ಸಿದ್ಧಾಂತ ಇಷ್ಟವಾದರೆ ನಾನು ಇದನ್ನೇ ಮೊದಲು ಹೇಳುತ್ತೇನೆ.

ಹೆಸರು ನೋಡಿ ಸುಮ್ನೆ ಅರ್ಜಿ ಹಾಕಬೇಡಿ. ಗೈಡ್ ಆಗಬಹುದಾದವರ ಈಚಿನ ಎರಡು ಪೇಪರ್ ತೆರೆದು, ಪೆನ್ನು ಹಿಡಿದು ಓದಿ. ವರ್ಷಗಟ್ಟಲೆ ಕೂರಬೇಕಾದ್ದು ಆ ಲೆಕ್ಕಗಳ ಜೊತೆಗೇ.