ಬೆಳಗಾವಿಯ ತಂಬಾಕು ವ್ಯಸನಮುಕ್ತಿ ಕೇಂದ್ರದಲ್ಲಿ ಮೂರು ತಿಂಗಳು

ನಿಪ್ಪಾಣಿ ಭಾಗದ ತಂಬಾಕು ಬೆಳೆಗಾರರ ಮನೆಯಲ್ಲಿ ಹುಟ್ಟಿದ ನನಗೆ ಬೀಡಿ ಚಟ ಅಂಟಿದ್ದು ಹದಿನೇಳನೆಯ ವಯಸ್ಸಿನಲ್ಲಿ. ಅದನ್ನು ಬಿಡಲೆಂದು ಬೆಳಗಾವಿಯ ಆಸ್ಪತ್ರೆಯೊಂದರ ವ್ಯಸನಮುಕ್ತಿ ಕೇಂದ್ರಕ್ಕೆ ಹೋದದ್ದು ನಲವತ್ತಾರರಲ್ಲಿ, ನೂರು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಂಡು ನಿಲ್ಲಬೇಕಾದ ಸ್ಥಿತಿ ಬಂದ ಮೇಲೆ.

ಅಲ್ಲಿನ ಆಪ್ತಸಮಾಲೋಚಕಿ ಉಪದೇಶಕ್ಕೆ ಇಳಿಯದೆ, ಉಸಿರಿನ ಕಾರ್ಬನ್ ಮೊನಾಕ್ಸೈಡ್ ಅಳೆಯುವ ಚಿಕ್ಕ ಯಂತ್ರಕ್ಕೆ ಊದಿಸಿದರು. ಸೇದದವರಲ್ಲಿ ಸಾಮಾನ್ಯವಾಗಿ 6ಕ್ಕಿಂತ ಕೆಳಗಿರುವ ಅಂಕಿ ನನ್ನಲ್ಲಿ 24 ಇತ್ತು. ಈ ಅನಿಲ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ, ಹಾಗಾಗಿ ಹೃದಯಕ್ಕೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ನಿಕೋಟಿನ್ ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಎತ್ತಿಗೆ ಮೇವು ಕಡಿಮೆ ಮಾಡಿ ದುಡಿತ ಹೆಚ್ಚಿಸಿದಂತೆ ಎಂದು ಅವರು ಹೇಳಿದ್ದು ರೈತನಾದ ನನಗೆ ನೇರವಾಗಿ ತಾಗಿತು. ಹೊಗೆಯು ರಕ್ತನಾಳಗಳ ಒಳಪದರವನ್ನು ಗಾಸಿಗೊಳಿಸಿ ಕೊಬ್ಬು ಕಟ್ಟಲು ಎಡೆಮಾಡಿಕೊಡುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುತ್ತದೆ, ನನ್ನ ಕಾಲಿನ ನಾಳಗಳಲ್ಲಿ ಆಗಿದ್ದೇ ಎದೆಯಲ್ಲೂ ಆಗಬಹುದು ಎಂಬುದನ್ನು ಚಿತ್ರ ಬರೆದು ವಿವರಿಸಿದರು. ದಿನಕ್ಕೆ ಒಂದೆರಡಕ್ಕೆ ಇಳಿಸುತ್ತೇನೆ ಎಂದಾಗ ಅವರು ಒಪ್ಪಲಿಲ್ಲ: ದಿನಕ್ಕೆ ಒಂದೇ ಸಿಗರೇಟು ಸೇದುವವರಿಗೂ, ಇಪ್ಪತ್ತು ಸೇದುವವರಿಗಿರುವ ಹೆಚ್ಚುವರಿ ಹೃದ್ರೋಗದ ಅಪಾಯದ ಸುಮಾರು ಅರ್ಧದಷ್ಟು ಉಳಿದೇ ಇರುತ್ತದೆಯಂತೆ. ಎಲೆ ಸುತ್ತಿದ ಬೀಡಿ ಸೌಮ್ಯವೆಂಬ ನಮ್ಮ ಕಡೆಯ ನಂಬಿಕೆಯನ್ನೂ ಅವರು ಬಿಡಿಸಿದರು.

ಕೊರತೆಗಳೂ ಇವೆ. ತಲಬು ತಗ್ಗಿಸಲು ಬಾಯಲ್ಲಿ ಇಟ್ಟುಕೊಳ್ಳುವ ನಿಕೋಟಿನ್ ಗಮ್ ಅಲ್ಲಿ ಸಿಗಲಿಲ್ಲ, ಹೊರಗೆ ಕೊಂಡೆ. ಅದನ್ನು ಎಲೆಅಡಿಕೆಯಂತೆ ಬಿಡದೆ ಜಗಿಯಬಾರದು, ಚುರುಗುಟ್ಟಿದೊಡನೆ ದವಡೆಯ ಪಕ್ಕಕ್ಕೆ ಇಟ್ಟುಕೊಳ್ಳಬೇಕು ಎಂದು ಮೊದಲೇ ಹೇಳಿಕೊಟ್ಟಿದ್ದರೆ ಎರಡು ದಿನದ ಬಿಕ್ಕಳಿಕೆ ತಪ್ಪುತ್ತಿತ್ತು. ಕೇಂದ್ರ ಬೆಳಗಿನ ಹೊತ್ತು ಮಾತ್ರ ತೆರೆದಿರುವುದರಿಂದ ಅಥಣಿ, ಚಿಕ್ಕೋಡಿಯಿಂದ ಬರುವ ಕೂಲಿಯವರಿಗೆ ಪ್ರತಿ ಭೇಟಿಗೂ ಒಂದು ದಿನದ ದುಡಿಮೆ ಹೋಗುತ್ತದೆ. ಇದು ಸಣ್ಣ ಮಾತಲ್ಲ. ಸಂಜೆ ತಲಬು ಎದ್ದಾಗ ನನಗೆ ಆಸರೆಯಾದದ್ದು ಬೀಡಿ ಕಟ್ಟಿನ ಮೇಲೆಯೇ ಅಚ್ಚಾಗಿರುವ ಉಚಿತ ಸಹಾಯವಾಣಿ 1800-11-2356. ಅಲ್ಲಿ ಕನ್ನಡದಲ್ಲಿಯೇ ಮಾತನಾಡಿ ಧೈರ್ಯ ತುಂಬಿದರು.

ಮೂರನೆಯ ತಿಂಗಳಲ್ಲಿ ಯಂತ್ರ 3 ತೋರಿಸಿತು. ಆ ಅಂಕಿ ಕಳೆದ ಒಂದು ದಿನದ ಹೊಗೆಯ ಲೆಕ್ಕವನ್ನಷ್ಟೇ ಹೇಳುತ್ತದೆ, ಕಿರಿದಾದ ನಾಳಗಳ ಕಥೆಯನ್ನಲ್ಲ. ಅದಕ್ಕೆ ಮಾತ್ರೆಯೂ ನಿತ್ಯದ ನಡಿಗೆಯೂ ಮುಂದುವರಿದಿವೆ. ಮೊನ್ನೆ ಕೋಟೆ ಕೆರೆಯ ಸುತ್ತ ನಡೆಯುವಾಗ ಒಂದೇ ಕಡೆ ನಿಂತೆ.