ಕನ್ನಡ ಪುಟಕ್ಕೆ ಹಗುರವಾದ ಸಿಎಸ್‌ಎಸ್ ಫ್ರೇಮ್‌ವರ್ಕ್: ಮಿಲಿಗ್ರಾಮ್, ಪ್ಯೂರ್, ಪೀಕೋ

ನಮ್ಮ ಸಾಹಿತ್ಯ ಬಳಗದ ತ್ರೈಮಾಸಿಕವನ್ನು ಜಾಲತಾಣಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಾಗ, ಬೂಟ್‌ಸ್ಟ್ರ್ಯಾಪ್‌ನಂಥ ದೊಡ್ಡ ಸಿಎಸ್‌ಎಸ್ ಫ್ರೇಮ್‌ವರ್ಕ್ (ಪುಟದ ಅಕ್ಷರ, ಬಣ್ಣ, ಅಂಕಣಗಳ ರೂಪವನ್ನು ಮೊದಲೇ ಬರೆದಿಟ್ಟ ಸಿದ್ಧ ಕಡತ) ಬೇಕಿಲ್ಲವೆಂಬುದು ಮೊದಲ ದಿನವೇ ಖಚಿತವಾಯಿತು. ಪುಟದಲ್ಲಿರಬೇಕಾದದ್ದು ಒಂದು ಲೇಖನ, ಅದರ ಬದಿಗೆ ಪರಿವಿಡಿ, ಕೆಳಗೆ ಚಂದಾದಾರರಾಗಲು ಒಂದು ಫಾರಂ, ಇಷ್ಟೇ. ಹಾಗಾಗಿ ಮಿಲಿಗ್ರಾಮ್, ಪ್ಯೂರ್, ಪೀಕೋ ಎಂಬ ಮೂರು ಹಗುರ ಫ್ರೇಮ್‌ವರ್ಕ್‌ಗಳನ್ನು ಒಂದೇ ಲೇಖನಕ್ಕೆ ಹಾಕಿ ನೋಡಿದೆ.

ಗಾತ್ರವನ್ನು ನೋಡಿ ಆರಿಸುವ ಅಗತ್ಯವಿಲ್ಲ. ಜಿಜಿಪ್ ಮಾಡಿದ, ಅಂದರೆ ಕಡತವನ್ನು ಕುಗ್ಗಿಸಿದ ಮೇಲೆ ಮಿಲಿಗ್ರಾಮ್ ಸುಮಾರು 2 ಕೆಬಿ, ಪ್ಯೂರ್ ಸುಮಾರು 3.5 ಕೆಬಿ, ಪೀಕೋ ಇವೆರಡಕ್ಕಿಂತ ದೊಡ್ಡದಾದರೂ ಪುಟದೊಂದಿಗೆ ಇಳಿಯುವ ಕನ್ನಡ ಫಾಂಟ್‌ನ ಮುಂದೆ ಚಿಕ್ಕದೇ. ನಾವು ನೋಡಬೇಕಾದದ್ದು ಫ್ರೇಮ್‌ವರ್ಕ್ ನಮ್ಮ ಅಕ್ಷರಗಳನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು.

ಮಿಲಿಗ್ರಾಮ್‌ನ ಅಳತೆಗಳೆಲ್ಲ ರೋಮನ್ ಲಿಪಿಗೆ ಒಪ್ಪುವಂಥವು. ಅದರ ದೊಡ್ಡ ಶೀರ್ಷಿಕೆಗಳಲ್ಲಿ ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಸೊನ್ನೆಗಿಂತ 0.1 ರೆಮ್ ಕಡಿಮೆ, ಅಂದರೆ ಪ್ರತಿ ಅಕ್ಷರವೂ ಒಂದು ಪಿಕ್ಸೆಲ್‌ನಷ್ಟು ಒತ್ತಾಗಿ ಕೂರುತ್ತದೆ. ‘ರಾಷ್ಟ್ರಕವಿ’ ಎಂದು ಶೀರ್ಷಿಕೆಯಲ್ಲಿ ಬರೆದು ನೋಡಿದರೆ, ಟಕಾರ ರಕಾರಗಳ ಜೋಡಿ ಒತ್ತು ಪಕ್ಕದ ಕಕಾರದ ಬುಡಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ಮೈಬರಹದ ಫಾಂಟ್-ವೇಟ್ (ಅಕ್ಷರದ ದಪ್ಪ) 300, ಅಂದರೆ ತೆಳು, ಬಣ್ಣ ಬೂದು. ಬಿಸಿಲಿನಲ್ಲಿ ಫೋನ್ ಹಿಡಿದು ಓದುವವರಿಗೆ ಕನ್ನಡದ ದುಂಡುಗೆರೆಗಳು ಮಾಸಿದಂತಾಗುತ್ತವೆ. ಇವನ್ನೆಲ್ಲ ತಿದ್ದಬಹುದು, ಆದರೆ ತಿದ್ದುತ್ತಾ ಹೋದರೆ ಅದರ ಚೆಲುವಿನಲ್ಲಿ ಉಳಿಯುವುದು ಕಡಿಮೆ.

ಯಾಹೂ ಸಂಸ್ಥೆಯಲ್ಲಿ 2013ರಲ್ಲಿ ಹೊರಬಂದ ಪ್ಯೂರ್ ಅಲಂಕಾರವಿಲ್ಲದ, ನಂಬಿಕಸ್ಥ ಸಾಧನ. ಪುಟವನ್ನು ಐದು ಅಥವಾ 24 ಪಾಲುಗಳಾಗಿ ಹಂಚುವ ಅದರ ಗ್ರಿಡ್ ಲೆಕ್ಕ ಅಚ್ಚುಕಟ್ಟಾಗಿದೆ. ಅಂಕಣಗಳ ನಡುವಿನ ಜಾಗವನ್ನು ಮಾತ್ರ ನಾವೇ ಪ್ಯಾಡಿಂಗ್ ಕೊಟ್ಟು ಬಿಡಿಸಬೇಕು. ಹಳೆಯ ಆವೃತ್ತಿಯನ್ನು ಬಳಸುತ್ತಿರುವವರು ಒಂದು ವಿಷಯ ಗಮನಿಸಬೇಕು: ಅಲ್ಲಿ ಗ್ರಿಡ್ ತನ್ನದೇ ಫಾಂಟ್ ಹೇರುತ್ತದೆ, ಆದ್ದರಿಂದ ಪುಟದ ‘ಬಾಡಿ’ ಟ್ಯಾಗ್‌ಗೆ ಕೊಟ್ಟ ಕನ್ನಡ ಫಾಂಟನ್ನು ಗ್ರಿಡ್‌ನ ಅಂಕಣಗಳಿಗೂ ಹೆಸರಿಸಿ ಕೊಡಬೇಕಾಗುತ್ತದೆ.

ಕೊನೆಗೆ ನಾನು ಆರಿಸಿದ್ದು ಪೀಕೋ. ಆರ್ಟಿಕಲ್, ನ್ಯಾವ್, ಫಾರಂ ಎಂಬ ಸಾಮಾನ್ಯ ಎಚ್‌ಟಿಎಂಎಲ್ ಟ್ಯಾಗ್‌ಗಳನ್ನು ಸರಿಯಾಗಿ ಬರೆದರೆ ಸಾಕು, ಟ್ಯಾಗ್‌ಗಳಿಗೆ ಅಂಟಿಸುವ ಕ್ಲಾಸ್ ಹೆಸರುಗಳ ಸಂತೆಯಿಲ್ಲದೆ ಪುಟ ಓದುವಂತಾಗುತ್ತದೆ. ಓದುಗರ ಫೋನ್ ಡಾರ್ಕ್ ಮೋಡ್‌ನಲ್ಲಿದ್ದರೆ ಪುಟವೂ ತಾನಾಗಿ ಕಪ್ಪಾಗುತ್ತದೆ. ನಾಳೆ ಈ ಕೆಲಸವನ್ನು ಬಳಗದ ಬೇರೊಬ್ಬರು ವಹಿಸಿಕೊಂಡರೂ ಕೋಡ್ ಅವರಿಗೆ ಅರ್ಥವಾಗುತ್ತದೆ, ಮತ್ತು ನನಗೆ ಇದೇ ಮುಖ್ಯವಾಗಿತ್ತು.

ಕೊರತೆಗಳು ಇಲ್ಲೂ ಎರಡಿವೆ. ಪೀಕೋದ ಗ್ರಿಡ್ ಅಂಕಣಗಳನ್ನು ಸಮನಾಗಿಯೇ ಹಂಚುತ್ತದೆ, ಲೇಖನಕ್ಕೆ ಎರಡು ಪಾಲು, ಪರಿವಿಡಿಗೆ ಒಂದು ಪಾಲು ಎನ್ನಲು ಬರುವುದಿಲ್ಲ. ದೊಡ್ಡ ಶೀರ್ಷಿಕೆಯ ಲೈನ್-ಹೈಟ್ (ಸಾಲಿನ ಎತ್ತರ) 1.2ಕ್ಕಿಂತಲೂ ಕಡಿಮೆಯಿರುವುದರಿಂದ, ಶೀರ್ಷಿಕೆ ಎರಡು ಸಾಲಿಗೆ ಇಳಿದಾಗ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಶೀರ್ಷಿಕೆಗೆ 1.5ರ ಲೈನ್-ಹೈಟ್ ಕೊಟ್ಟು, 768 ಪಿಕ್ಸೆಲ್ ದಾಟಿದ ಪರದೆಗೆ ಎರಡಕ್ಕೊಂದರ ಗ್ರಿಡ್ ಬರೆದುಕೊಂಡೆ. ನನ್ನದೇ ಕಡತದ ಆ ಎಂಟು ಸಾಲುಗಳೊಂದಿಗೆ ಮುಂದಿನ ಸಂಚಿಕೆ ಪೀಕೋದಲ್ಲಿಯೇ ಬರಲಿದೆ.